ಎರೆ ಭೂಮಿಯ ಇಂಗುಗುಂಡಿ, ಪಕ್ಕದ ಕಸದ ಖಣಿ: ಮಳೆ ನೀರನ್ನು ಎಲ್ಲಿಗೆ ಬಿಡೋಣ?

ಪ್ರಶ್ನೆ: ನಮ್ಮದು ಶಹಾಬಾದ್ ಹೊರವಲಯದ 4 ಎಕರೆ ಬಡಾವಣೆ. ಎಲ್ಲ ಎರೆ ಭೂಮಿ, ಅಂದರೆ ಕಪ್ಪು ಹತ್ತಿ ಮಣ್ಣು. ಜೋರು ಮಳೆ ಬಂದರೆ ಕೆಳಗಿನ ಮೂಲೆಯ ಮನೆಗಳ ಮುಂದೆ ಮೊಣಕಾಲುದ್ದ ನೀರು ನಿಲ್ಲುತ್ತದೆ. ಗುತ್ತಿಗೆದಾರರೊಬ್ಬರು 4 ಅಡಿ ಉದ್ದ, 4 ಅಡಿ ಅಗಲ, 8 ಅಡಿ ಆಳದ 6 ಇಂಗುಗುಂಡಿ ತೋಡಿ ಕಲ್ಲು ತುಂಬಿಕೊಡುತ್ತೇನೆ, ಬೀದರಿನಲ್ಲಿ ಇದೇ ಅಳತೆಯವು ಚೆನ್ನಾಗಿ ನಡೆಯುತ್ತಿವೆ ಎನ್ನುತ್ತಾರೆ. ಹೋದ ವರ್ಷ ಪರೀಕ್ಷೆಗೆಂದು ಒಂದು ತೋಡಿಸಿದೆವು. ಜೂನ್‌ನಲ್ಲಿ ನೀರು ಸರ್ರನೆ ಇಳಿಯಿತು. ಆಗಸ್ಟ್‌ನಲ್ಲಿ ತುಂಬಿದ್ದು ವಾರವಾದರೂ ಇಳಿಯಲಿಲ್ಲ, ಪಕ್ಕದ ಕಾಂಪೌಂಡ್ ಗೋಡೆಯೂ ಬಿರುಕು ಬಿಟ್ಟಿತು. ಬಡಾವಣೆಗೆ ಹತ್ತಿಕೊಂಡೇ ಒಂದು ಹಳೆಯ ಕಲ್ಲಿನ ಖಣಿ ಇದೆ, ಊರಿನ ಕಸ ಅದರಲ್ಲಿ ಬೀಳುತ್ತದೆ. ಮಳೆ ನೀರನ್ನು ಅದಕ್ಕೇ ಬಿಡೋಣ, ಎರೆ ಮಣ್ಣು ನೀರು ಬಿಡಲ್ಲ, ಬೋರ್‌ವೆಲ್‌ಗೆ ಏನೂ ಆಗಲ್ಲ ಅಂತ ಕೆಲವರ ವಾದ. ಏನು ಮಾಡುವುದು ಸರಿ? (ಬಡಾವಣೆ ಸಂಘದ ಕಾರ್ಯದರ್ಶಿ, ಶಹಾಬಾದ್)

ಉತ್ತರ: ಕಾರ್ಯದರ್ಶಿಗಳಿಗೆ ನಮಸ್ಕಾರ. ಮೊದಲು ಅವಸರದ ಮಾತು ಹೇಳಿಬಿಡುತ್ತೇನೆ. ಕಸ ಬಿದ್ದಿರುವ ಖಣಿಗೆ ಮಳೆ ನೀರನ್ನು ಖಂಡಿತ ಬಿಡಬೇಡಿ. ಒಂದು ಪೈಪೂ ಬೇಡ. ಈಗಾಗಲೇ ಯಾವುದಾದರೂ ನಾಲಿ ಅದರ ಕಡೆಗೆ ಹರಿಯುತ್ತಿದ್ದರೆ ಈ ವಾರವೇ ಅಡ್ಡಕಟ್ಟಿ ತಿರುಗಿಸಿ. ನೀವು ಇಂಗುಗುಂಡಿಯನ್ನೂ ಕಸದ ಖಣಿಯನ್ನೂ ಎರಡು ಪ್ರಶ್ನೆಯಾಗಿ ಕೇಳಿದ್ದೀರಿ. ನಿಮ್ಮ ಜಾಗದಲ್ಲಿ ಅವೆರಡೂ ಒಂದೇ ಪ್ರಶ್ನೆ. ಯಾಕೆ ಅಂತ ಮಣ್ಣಿನಿಂದಲೇ ಶುರುಮಾಡೋಣ.

ಎರೆ ಮಣ್ಣಿನ ಬಗ್ಗೆ ನಮ್ಮ ಕಡೆ ಎರಡು ಮಾತು ಚಾಲ್ತಿಯಲ್ಲಿವೆ. ಎರೆ ಎಷ್ಟು ನೀರಾದರೂ ಕುಡಿಯುತ್ತದೆ ಅನ್ನುವುದು ಒಂದು. ಎರೆ ಒಂದು ಹನಿಯನ್ನೂ ಬಿಡಲ್ಲ ಅನ್ನುವುದು ಇನ್ನೊಂದು. ನಿಮ್ಮ ಗುತ್ತಿಗೆದಾರರು ಮೊದಲನೆಯದನ್ನು ನಂಬಿದ್ದಾರೆ, ಖಣಿಗೆ ನೀರು ಬಿಡೋಣ ಅನ್ನುವವರು ಎರಡನೆಯದನ್ನು. ಎರಡೂ ಅರ್ಧ ಸತ್ಯ. ಏಪ್ರಿಲ್, ಮೇ ತಿಂಗಳಲ್ಲಿ ತೊಗರಿ ಕಿತ್ತ ಹೊಲಕ್ಕೆ ಹೋಗಿ ಒಂದು ಬಿರುಕಿನೊಳಗೆ ಉದ್ದನೆಯ ಕಡ್ಡಿ ಇಳಿಸಿ ನೋಡಿ. ಅಂಗೈ ಹೋಗುವಷ್ಟು ಅಗಲದ ಬಿರುಕಿನಲ್ಲಿ ಕಡ್ಡಿ ಎಷ್ಟೋ ಸಲ ಒಂದು ಮೀಟರ್‌ವರೆಗೂ ಇಳಿಯುತ್ತದೆ. ಮೊದಲ ಮಳೆಯ ನೀರು ಈ ಬಿರುಕುಗಳಲ್ಲಿ ಓಡಿಹೋಗುತ್ತದೆ. ಜೂನ್‌ನಲ್ಲಿ ನಿಮ್ಮ ಗುಂಡಿಯ ನೀರು ಸರ್ರನೆ ಇಳಿದದ್ದು ಹೀಗೆ. ಅದು ಇಂಗಿದ್ದಲ್ಲ, ಸಂದಿಯಲ್ಲಿ ತೂರಿಕೊಂಡದ್ದು. ಆಮೇಲೆ ಮಣ್ಣು ನೆಂದು ಉಬ್ಬಿತು, ಬಿರುಕೆಲ್ಲ ಮುಚ್ಚಿಕೊಂಡವು. ಆಗಸ್ಟ್‌ನಲ್ಲಿ ನೀವು ಕಂಡದ್ದು ಅದೇ ಮಣ್ಣಿನ ಇನ್ನೊಂದು ಮುಖ.

ಅಂಕಿಯಲ್ಲಿ ಹೇಳುತ್ತೇನೆ. ಬಿರುಕಿಲ್ಲದೆ ಚೆನ್ನಾಗಿ ನೆಂದ ಗಟ್ಟಿ ಎರೆಯಲ್ಲಿ ನೀರು ತನ್ನ ಭಾರಕ್ಕೆ ತಾನೇ ಇಳಿಯುವ ವೇಗ ವರ್ಷಕ್ಕೆ ಕೆಲವೇ ಸೆಂಟಿಮೀಟರ್, ಕೆಲವು ಕಡೆ ಅದಕ್ಕಿಂತಲೂ ಕಡಿಮೆ. ಅದೇ ಒಳ್ಳೆ ಮೊರಂನಲ್ಲಿ, ಅಂದರೆ ಗರಸು ಮಣ್ಣಿನಲ್ಲಿ, ದಿನಕ್ಕೆ 10 ಸೆಂ.ಮೀ.ಯಿಂದ ಒಂದು ಮೀಟರ್ ಇಳಿಯಬಹುದು. ವರ್ಷ ಎಲ್ಲಿ, ದಿನ ಎಲ್ಲಿ! ಆಗಸ್ಟ್‌ನಲ್ಲಿ ತುಂಬಿದ ಗುಂಡಿ ಎರೆಯಲ್ಲೇ ನಿಂತಿದ್ದರೆ, ಅದರ ನೀರನ್ನು ನೆಲಕ್ಕಿಂತ ಬಿಸಿಲೇ ಜಾಸ್ತಿ ಖಾಲಿ ಮಾಡುತ್ತದೆ.

ನಿಮ್ಮ ಎರೆ ಎಷ್ಟು ಉಬ್ಬುವ ಜಾತಿಯದು ಅಂತ ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಕಲಬುರಗಿಯ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜಿನಂಥ ಯಾವುದೇ ಮಣ್ಣಿನ ಲ್ಯಾಬ್‌ನವರಿಗೂ ಅದು ದಿನನಿತ್ಯದ ಕೆಲಸ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಪಾಲು ತೂಗುತ್ತಾರೆ. 100 ಮಿ.ಲೀ.ನ ಎರಡು ಗಾಜಿನ ಅಳತೆ ಜಾಡಿಗಳಲ್ಲಿ ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ಶುದ್ಧ ನೀರು. ಮಣ್ಣು ಹಾಕಿ, ಗಾಳಿ ಗುಳ್ಳೆ ಹೋಗುವಂತೆ ಕಲಕಿ, 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಈ ಮಣ್ಣು ಉಬ್ಬುವುದಿಲ್ಲ, ತಳದಲ್ಲಿ 10 ಮಿ.ಲೀ. ಗೆರೆಯ ಹತ್ತಿರ ಕೂತುಬಿಡುತ್ತದೆ ಅಂದುಕೊಳ್ಳಿ. ನೀರಿನ ಜಾಡಿಯಲ್ಲಿ ಅದೇ ಮಣ್ಣು ಮೋಡದ ಹಾಗೆ ಏರಿ 20ರ ಗೆರೆ ಮುಟ್ಟಿದರೆ, ಉಬ್ಬು ಶೇ. 100. ಭಾರತೀಯ ಮಾನಕದ ಪ್ರಕಾರ ಶೇ. 50ರ ಒಳಗಿದ್ದರೆ ಉಬ್ಬುವ ಗುಣ ಕಡಿಮೆ, 100 ದಾಟಿದರೆ ಹೆಚ್ಚು, 200 ದಾಟಿದರೆ ತೀರಾ ಹೆಚ್ಚು. ಬಡಾವಣೆಯ ಮೂರು ಬೇರೆ ಬೇರೆ ಜಾಗದ ಮಣ್ಣನ್ನು ಕೊಟ್ಟು ಈ ಅಂಕಿ ತರಿಸಿಕೊಳ್ಳಿ. ಮುಂದೆ ಅಲ್ಲಿ ಮನೆ ಕಟ್ಟುವ ಪ್ರತಿಯೊಬ್ಬರಿಗೂ ಅದು ಬೇಕಾಗುತ್ತದೆ.

ಹಾಗಾದರೆ ಬೀದರಿನ ಗುಂಡಿಗಳು ಹೇಗೆ ನಡೆಯುತ್ತಿವೆ? ಗುತ್ತಿಗೆದಾರರು ಸುಳ್ಳು ಹೇಳಿಲ್ಲ. ಬೀದರ್ ಊರು ಕೂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ. ಆ ಕಲ್ಲಿನ ತುಂಬ ತೂತು, ಮೇಲೆ ಬಿದ್ದ ನೀರನ್ನು ಕೆಳಗೆ ಬಿಡುತ್ತದೆ. ಅದರ ಅಡಿಯಲ್ಲಿ ಕರಿ ಬಸಾಲ್ಟ್ ಬಂಡೆ. ಇಳಿದ ನೀರು ಎರಡೂ ಸೇರುವ ಗೆರೆಯಲ್ಲಿ ತಡೆದು ಪಕ್ಕಕ್ಕೆ ಹರಿಯುತ್ತದೆ. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ನೌಬಾದ್ ಬಳಿ ಸುರಂಗ ಬಾವಿ ಕೊರೆದವರು ಈ ನೀರನ್ನೇ ಹಿಡಿದರು. ನೆಲದ ಪದರನ್ನು ಅಷ್ಟು ಚೆನ್ನಾಗಿ ಓದಿಕೊಂಡು ಮಾಡಿದ ಕೆಲಸ ನಮ್ಮ ಭಾಗದಲ್ಲಿ ಇನ್ನೊಂದಿಲ್ಲ ಅಂತಲೇ ನನ್ನ ಅಭಿಪ್ರಾಯ. ನಿಮ್ಮಲ್ಲಿ ಮೇಲೆ ಎರೆ, ನಡುವೆ ಕೆಲವು ಕಡೆ ಮಾತ್ರ ಮೊರಂ, ಕೆಳಗೆ ಶಹಾಬಾದ್ ಕಲ್ಲಿನ ಪದರು. ಬೀದರಿನ ಅಳತೆಯನ್ನು ಹಾಗೇ ತಂದು ಇಲ್ಲಿಟ್ಟರೆ ನಡೆಯುವುದಿಲ್ಲ. ಯಾದಗಿರಿಯ ಕಡೆ ಗ್ರಾನೈಟ್ ಕೊಳೆತು ಆದ ಮರಳು ಮಣ್ಣಿನಲ್ಲಿ ಲೆಕ್ಕ ಮತ್ತೂ ಬೇರೆ.

ಈಗ ಗುಂಡಿಯ ಅಳತೆ ನೋಡೋಣ. 4 ಅಡಿ, 4 ಅಡಿ, 8 ಅಡಿ ಅಂದರೆ ಸುಮಾರು 3.5 ಘನ ಮೀಟರ್. ಕಲ್ಲು ತುಂಬಿದ ಮೇಲೆ ನೀರಿಗೆ ಉಳಿಯುವ ಸಂದು ಶೇ. 40ರಷ್ಟು. ಅಂದರೆ ಒಂದು ಗುಂಡಿ ಹಿಡಿಯುವುದು 1,400 ಲೀಟರ್, ಆರೂ ಸೇರಿ ಸುಮಾರು 8,500 ಲೀಟರ್. ನಿಮ್ಮ 4 ಎಕರೆ ಮೇಲೆ 50 ಮಿ.ಮೀ. ಮಳೆ ಬಿದ್ದರೆ 8 ಲಕ್ಷ ಲೀಟರ್ ಆಗುತ್ತದೆ. ಅರ್ಧ ಮಾತ್ರ ಹರಿದು ಬಂದರೂ 4 ಲಕ್ಷ ಲೀಟರ್. ಆರು ಗುಂಡಿ ಸೇರಿ ಅದರಲ್ಲಿ ಹಿಡಿದದ್ದು ಶೇ. 2ರಷ್ಟು. ಮೂಲೆಯ ಮನೆಗಳ ಮುಂದೆ ನೀರು ನಿಲ್ಲುವುದನ್ನು ಇದು ತಪ್ಪಿಸಲ್ಲ. ಇಂಗುಗುಂಡಿ ಇರುವುದು ಅಂತರ್ಜಲಕ್ಕೆ. ನೆರೆ ಇಳಿಸುವ ಕೆಲಸ ಅದರದಲ್ಲ.

ಇನ್ನು ಖಣಿ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಮನೆಗಳಿಗೆ ದೊಡ್ಡ ಅಪಾಯ ಇಲ್ಲಿದೆ. ಶಹಾಬಾದ್ ಕಲ್ಲು ಹೇಗಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಪದರು ಪದರಾಗಿ ಎದ್ದು ಬರುತ್ತದೆ, ಅದಕ್ಕೇ ಅಲ್ವಾ ಅದು ಊರೂರಿನ ಮನೆಗಳ ನೆಲಕ್ಕೆ ಹೋಗುವುದು. ಆ ಪದರುಗಳ ನಡುವೆ ಅಡ್ಡ ಸಂದು ಇದೆ, ಮೇಲಿಂದ ಕೆಳಗೆ ನಿಂತ ಬಿರುಕೂ ಇದೆ. ಇದು ಸುಣ್ಣದ ಕಲ್ಲು. ಹುಳಿ ಅಂಶವಿರುವ ನೀರು ಸಂದಿಯಲ್ಲಿ ಬಹಳ ಕಾಲ ಹರಿದರೆ ಕಲ್ಲು ನಿಧಾನವಾಗಿ ಕರಗಿ ಸಂದು ಅಗಲವಾಗುತ್ತದೆ. ನಿಮ್ಮ ಬೋರ್‌ವೆಲ್‌ಗೆ ನೀರು ಬರುವುದೂ ಇಂಥ ಸಂದುಗಳಿಂದಲೇ. ಖಣಿ ತೋಡುವಾಗ ಮೇಲಿನ ಎರೆಯನ್ನು ಕಿತ್ತು ಆಚೆ ಹಾಕಿರುತ್ತಾರೆ. ಹಾಗಾಗಿ ಕಸ ಕೂತಿರುವುದು ಎರೆಯ ಮೇಲಲ್ಲ, ಬರಿಯ ಕಲ್ಲಿನ ಮೇಲೆ. ಎರೆ ನೀರು ಬಿಡಲ್ಲ ಅನ್ನುವ ವಾದ ಅಲ್ಲಿಗೇ ಬಿದ್ದುಹೋಯಿತು.

ಎರೆ ಇದ್ದಿದ್ದರೂ ಸಾಕಾಗುತ್ತಿರಲಿಲ್ಲ. ಎರೆ ಹೊಲದ ಕೃಷಿ ಹೊಂಡ ಪ್ಲಾಸ್ಟಿಕ್ ಹಾಳೆ ಇಲ್ಲದೆಯೂ ನೀರು ಹಿಡಿದಿಡುತ್ತದಲ್ಲ ಅಂತ ಕೇಳಬಹುದು. ಹೊಂಡದಲ್ಲಿ ಇರುವುದು ಒಳ್ಳೆ ನೀರು, ಸ್ವಲ್ಪ ಸೋರಿದರೆ ಯಾರಿಗೂ ತೊಂದರೆ ಇಲ್ಲ. ಬೇಸಿಗೆಯಲ್ಲಿ ಒಣಗಿ ಬಿರಿದರೂ ಮುಂದಿನ ಮಳೆಗೆ ಮುಚ್ಚಿಕೊಳ್ಳುತ್ತದೆ. ಕಸದ ತಳ ಹತ್ತಾರು ವರ್ಷ ಒಮ್ಮೆಯೂ ಬಿರಿಯಬಾರದು. ಮೇಲಾಗಿ ಕಸದಿಂದ ಇಳಿಯುವ ಕೊಳೆನೀರಿನಲ್ಲಿ, ಅಂದರೆ ನಾವು ಲೀಚೇಟ್ ಅನ್ನುವುದರಲ್ಲಿ, ಉಪ್ಪಿನ ಅಂಶವೂ ಸುಣ್ಣದ ಅಂಶವೂ ಜಾಸ್ತಿ. ಅವು ಎರೆಯ ಉಬ್ಬುವ ಗುಣವನ್ನೇ ಕುಗ್ಗಿಸುತ್ತವೆ. ಶುದ್ಧ ನೀರನ್ನು ತಡೆದ ಮಣ್ಣು ಕೊಳೆನೀರನ್ನು ಅಷ್ಟೇ ತಡೆಯುತ್ತದೆ ಅಂತ ಹೇಳಲು ಬರುವುದಿಲ್ಲ.

ಅದಕ್ಕೇ ಕಾನೂನುಬದ್ಧ ಕಸದ ಭೂಭರ್ತಿಗೆ ತಳ ಕಟ್ಟುವುದೇ ಒಂದು ದೊಡ್ಡ ಕೆಲಸ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಹೇಳಿದ್ದು ಇದು: 90 ಸೆಂ.ಮೀ. ದಪ್ಪದ ಗಟ್ಟಿಸಿದ ಜೇಡಿ ಪದರ, ಅದರಲ್ಲಿ ನೀರು ಇಳಿಯುವ ವೇಗ ವರ್ಷಕ್ಕೆ ಸುಮಾರು 3 ಸೆಂ.ಮೀ. ದಾಟಬಾರದು. ಅದರ ಮೇಲೆ 1.5 ಮಿ.ಮೀ. ದಪ್ಪದ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆ. ನೆಲದಡಿಯ ನೀರಿನ ಮಟ್ಟ ಆ ಜೇಡಿಯ ತಳಕ್ಕಿಂತ ಕನಿಷ್ಠ 2 ಮೀಟರ್ ಕೆಳಗಿರಬೇಕು. ವಸತಿಯಿಂದಲೂ ಕುಡಿಯುವ ನೀರಿನ ಬಾವಿಯಿಂದಲೂ 200 ಮೀಟರ್ ದೂರ ಇರಬೇಕು. ನಮ್ಮ ಭಾಗದಲ್ಲಿ ಈ ಜೇಡಿ ಪದರಕ್ಕೆ ಎರೆಯನ್ನು ಬಳಸಿದರೆ ತೇವ ಸರಿಯಾಗಿ ನೋಡಿ, 15ರಿಂದ 20 ಸೆಂ.ಮೀ. ಪದರುಗಳಲ್ಲಿ ರೋಲರ್ ಓಡಿಸಿ, ಬಿಸಿಲಿಗೆ ಬಿರಿಯುವ ಮೊದಲೇ ಹಾಳೆ ಹೊದಿಸಬೇಕು. ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಎರಡು ದಿನ ತೆರೆದಿಟ್ಟರೂ ಸಾಕು, ಮಾಡಿದ ಕೆಲಸ ಬಿರುಕಾಗಿ ಕಾಣುತ್ತದೆ. ನಾನಾದರೆ ಮೊರಂಗೆ ಬೆಂಟೊನೈಟ್ ಎಂಬ ಜೇಡಿಪುಡಿ ಬೆರೆಸಿದ ಮಣ್ಣನ್ನೇ ಆರಿಸುತ್ತೇನೆ. ಅದು ಅಷ್ಟು ಬಿರಿಯುವುದಿಲ್ಲ. ನಿಮ್ಮ ಖಣಿಯಲ್ಲಿ ಇದ್ಯಾವುದೂ ಇಲ್ಲ.

ಕಸದ ಕೊಳೆನೀರು ಎಲ್ಲಿಂದ ಬರುತ್ತದೆ? ಸ್ವಲ್ಪ ಕಸದ ಒಳಗಿನ ತೇವ. ದೊಡ್ಡ ಪಾಲು ಮೇಲಿಂದ ಬಿದ್ದ ಮಳೆ. ಖಣಿಯ ವಿಸ್ತಾರ ನೀವು ಬರೆದಿಲ್ಲ. ಒಂದು ಎಕರೆ ಅಂದುಕೊಳ್ಳೋಣ. ನಮ್ಮಲ್ಲಿ ವರ್ಷಕ್ಕೆ ಸುಮಾರು 750 ಮಿ.ಮೀ. ಮಳೆ. ಅಂದರೆ ಅದರೊಳಗೆ ನೇರವಾಗಿ ಬೀಳುವುದೇ 30 ಲಕ್ಷ ಲೀಟರ್. ನಿಮ್ಮ 4 ಎಕರೆಯಿಂದ ಹರಿಯುವ ನೀರನ್ನೂ ಅದಕ್ಕೆ ಬಿಟ್ಟರೆ ಇನ್ನೂ 60 ಲಕ್ಷ ಲೀಟರ್ ಸೇರುತ್ತದೆ. ಚಹಾಪುಡಿಯ ಮೇಲೆ ಮತ್ತೆ ಮತ್ತೆ ನೀರು ಸುರಿದ ಹಾಗೆ, ಕಸದಲ್ಲಿ ಇರುವುದನ್ನೆಲ್ಲ ತೊಳೆದು ಕಲ್ಲಿನ ಸಂದಿಗೆ ಇಳಿಸುತ್ತೀರಿ. ಸಂದಿಯ ಇನ್ನೊಂದು ತುದಿಯಲ್ಲಿ ನಿಮ್ಮದೇ ಬೋರ್‌ವೆಲ್ ಇರಬಹುದು.

ಕಸ ಖಣಿಯ ಅಂಚು ದಾಟಿ ಗುಡ್ಡೆಯಾಗಿ ಎದ್ದಿದ್ದರೆ ಇನ್ನೊಂದು ಅಪಾಯ ಇದೆ. ನೆಂದ ಕಸ ಭಾರವಾಗುತ್ತದೆ, ಒಳಗೆ ನಿಂತ ನೀರು ಅದರ ಹಿಡಿತವನ್ನು ಸಡಿಲ ಮಾಡುತ್ತದೆ. 2005ರ ಫೆಬ್ರವರಿಯಲ್ಲಿ ಇಂಡೋನೇಷ್ಯಾದ ಬಾಂಡುಂಗ್ ಬಳಿ ಲ್ಯೂವಿಗಜಾ ಎಂಬಲ್ಲಿ ದೊಡ್ಡ ಮಳೆಯ ನಂತರ ಕಸದ ಗುಡ್ಡ ಜಾರಿ 140ಕ್ಕೂ ಹೆಚ್ಚು ಜನ ಸತ್ತರು. ನಿಮ್ಮದು ಆ ಗಾತ್ರದ್ದಲ್ಲ. ಆದರೂ ಕಸದ ಅಂಚಿಗೆ ಮಕ್ಕಳು ಹೋಗದಂತೆ ಬೇಲಿ ಬೇಕು. ಆ ಕಸಕ್ಕೆ ಯಾರೂ ಬೆಂಕಿ ಹಚ್ಚಬಾರದು.

ಹಾಗಾದರೆ ಏನು ಮಾಡಬೇಕು? ಖಣಿಯ ಸುತ್ತ, ಮೇಲಿನ ಕಡೆಯಿಂದ ನೀರು ಬರುವ ಬದಿಗೆಲ್ಲ, ಮಣ್ಣಿನ ಒಡ್ಡು ಹಾಕಿ ನೀರು ತಿರುಗಿಸುವ ನಾಲಿ ತೆಗೆಸಿ. ಸಂಘದ ಲೆಟರ್‌ಹೆಡ್‌ನಲ್ಲಿ ನಗರಸಭೆಗೆ ಬರೆದು ಕೊಡಿ: ಹೊಸ ಕಸ ನಿಲ್ಲಬೇಕು, ಮಳೆಗಾಲಕ್ಕೆ ಮೊದಲು ಈಗಿರುವ ಕಸದ ಮೇಲೆ ಮಣ್ಣು ಹೊದಿಸಬೇಕು. ಮಳೆಗಾಲದ ಮುಂಚಿನ ಹೊದಿಕೆ 40ರಿಂದ 65 ಸೆಂ.ಮೀ. ಇರಬೇಕು ಅಂತ ಅದೇ 2016ರ ನಿಯಮ ಹೇಳಿತ್ತು. ಹೊದಿಕೆಯ ಮೇಲ್ಮೈ ಇಳಿಜಾರಾಗಿರಲಿ, ನೀರು ಹೊರಗೆ ಜಾರಿಹೋಗಲಿ. ಇದು ತಾತ್ಕಾಲಿಕ ಉಪಾಯ ಅಷ್ಟೇ. ಕೊನೆಗೆ ಕಸವನ್ನು ಅಗೆದು, ಜರಡಿ ಹಿಡಿದು, ಬೇರೆ ಬೇರೆ ಮಾಡಿ ಸಾಗಿಸುವುದೇ ಸರಿಯಾದ ದಾರಿ. ತಳವೇ ಇಲ್ಲದ ಕಡೆ ಮೇಲೆ ಎಷ್ಟು ಮುಚ್ಚಿದರೂ ಪೂರ್ತಿ ಭರವಸೆ ಇಲ್ಲ.

ಈಗಲೇ ಬಡಾವಣೆಯ ಬೋರ್‌ವೆಲ್‌ಗಳ ನೀರನ್ನು ಪರೀಕ್ಷೆಗೆ ಕೊಡಿ. ಜೊತೆಗೆ ಖಣಿಯಿಂದ ದೂರ, ಎತ್ತರದ ಕಡೆ ಇರುವ ಒಂದು ಬಾವಿಯ ನೀರನ್ನೂ ಕೊಡಿ. ಹೋಲಿಸಲು ಅದು ಬೇಕೇ ಬೇಕು. ಒಂದೇ ಬಾವಿಯ ವರದಿ ಹಿಡಿದು ಏನೂ ಹೇಳಲು ಆಗಲ್ಲ. ಕ್ಲೋರೈಡ್, ಅಮೋನಿಯಾ, ನೈಟ್ರೇಟ್, ಒಟ್ಟು ಕರಗಿದ ಲವಣ, ಕಬ್ಬಿಣ, ಕೋಲಿಫಾರ್ಮ್ ಇಷ್ಟನ್ನು ಕೇಳಿ ಮಾಡಿಸಿ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ ದಾಟಬಾರದು. ಆದರೆ ನೈಟ್ರೇಟ್ ಒಂದೇ ಹೆಚ್ಚಿದ್ದರೆ ಕಸವೇ ಕಾರಣ ಅನ್ನಬೇಡಿ, ಹೊಲದ ಗೊಬ್ಬರದಿಂದಲೂ ಶೌಚದ ಗುಂಡಿಯಿಂದಲೂ ಅದು ಬರುತ್ತದೆ. ಖಣಿಯ ಹತ್ತಿರದ ಬೋರ್‌ನಲ್ಲಿ ಕ್ಲೋರೈಡ್ ಮತ್ತು ಅಮೋನಿಯಾ ಎರಡೂ ದೂರದ ಬಾವಿಗಿಂತ ಎದ್ದು ಕಂಡರೆ, ಆಗ ಅನುಮಾನ ಗಟ್ಟಿ. ಮೇ ತಿಂಗಳಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಮಾಡಿಸಿ. ಮೊದಲ ವರದಿ ಬರುವವರೆಗೆ ಖಣಿ ಪಕ್ಕದ ಬೋರ್ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ಕುದಿಸಿದರೆ ಕೀಟಾಣು ಸಾಯುತ್ತವೆ, ಕರಗಿದ ಲವಣ ಹೋಗಲ್ಲ.

ಮತ್ತೆ ಇಂಗುಗುಂಡಿಗೆ ಬರುತ್ತೇನೆ. ನೆಲಕ್ಕೆ ನೀರು ಇಳಿಸಿದಾಗ ಅದರ ಸುತ್ತ ಅಂತರ್ಜಲ ಸ್ವಲ್ಪ ಉಬ್ಬುತ್ತದೆ. ಪಕ್ಕದಲ್ಲೇ ಕಸ ಇದ್ದರೆ ಆ ಉಬ್ಬು ಕಸದ ತಳವನ್ನು ನೆನೆಸಬಹುದು, ಅಥವಾ ಅಲ್ಲಿರುವ ಕೊಳೆನೀರನ್ನು ಬೇರೆ ಕಡೆಗೆ ತಳ್ಳಬಹುದು. ಹಾಗಾಗಿ ಬಾವಿಗೆ ಹೇಳಿದ 200 ಮೀಟರ್ ದೂರವನ್ನು ಇಂಗುಗುಂಡಿಗೂ ಇಟ್ಟುಕೊಳ್ಳಬೇಕು ಅನ್ನುವುದು ನನ್ನ ತೀರ್ಮಾನ. 4 ಎಕರೆ ಚೌಕವಾಗಿದ್ದರೆ ಒಂದು ಬದಿ 127 ಮೀಟರ್. ಖಣಿಗೆ ಹತ್ತಿಕೊಂಡ ನಿಮ್ಮ ಬಡಾವಣೆ ಹೆಚ್ಚುಕಮ್ಮಿ ಪೂರ್ತಿ ಆ 200 ಮೀಟರ್ ಒಳಗೇ ಬರುತ್ತದೆ. ಅಂದರೆ ಕಸ ಹೋಗುವವರೆಗೆ ಒಂದು ಇಂಗುಗುಂಡಿಯೂ ಬೇಡ. ಆರು ಗುಂಡಿಗೆ ಎತ್ತಿಟ್ಟ ಹಣವನ್ನು ತಡೆಹಿಡಿಯಿರಿ.

ಕಸ ಹೋದ ಮೇಲೆ ತೋಡಿಸುವುದಾದರೆ ಮೊದಲು ಜೆಸಿಬಿಯಿಂದ 3 ಮೀಟರ್ ಆಳದ ಪರೀಕ್ಷಾ ಗುಂಡಿ ತೆಗೆಸಿ ಪದರು ನೋಡಿ. ಯಾರೂ ಒಳಗೆ ಇಳಿಯಬೇಡಿ, ಎರೆಯ ಗೋಡೆ ಹೇಳದೆ ಕೇಳದೆ ಕುಸಿಯುತ್ತದೆ. ಎರೆ ಮುಗಿದು ಮೊರಂ ಅಥವಾ ಬಿರುಕು ಕಲ್ಲು ಸಿಕ್ಕರೆ ಮಾತ್ರ ಮುಂದುವರಿಯಿರಿ. ಆ ಪದರಿನವರೆಗೆ ಚಿಕ್ಕ ತೂತು ಕೊರೆದು ಮೂರು ನಾಲ್ಕು ದಿನ ನೀರು ತುಂಬಿಟ್ಟೇ ಇರಬೇಕು. ಆಮೇಲೆ 15 ಸೆಂ.ಮೀ. ನೀರು ನಿಲ್ಲಿಸಿ, ಅರ್ಧ ಗಂಟೆಗೊಮ್ಮೆ ಎಷ್ಟು ಇಳಿಯಿತು ಅಂತ ಬರೆಯಿರಿ. 2.5 ಸೆಂ.ಮೀ. ಇಳಿಯಲು ಒಂದು ಗಂಟೆಗಿಂತ ಜಾಸ್ತಿ ಹಿಡಿದರೆ ಆ ಜಾಗ ಬಿಟ್ಟುಬಿಡಿ. ಬೇಸಿಗೆಯ ಒಣ ನೆಲದಲ್ಲಿ ನೆನೆಸದೆ ಮಾಡಿದ ಪರೀಕ್ಷೆಯನ್ನು ನಂಬಬೇಡಿ. ಎರೆ ಇರುವಷ್ಟು ಆಳಕ್ಕೆ ತೂತಿಲ್ಲದ ಸಿಮೆಂಟ್ ರಿಂಗ್, ಕೀಲುಗಳಿಗೆ ಗಾರೆ. ತೂತಿನ ರಿಂಗ್ ಕೆಳಗಿನ ಪದರಿನಲ್ಲಿ ಮಾತ್ರ. ಚಾವಣಿ ನೀರು ಮಾತ್ರ ಬಿಡಿ, ಅದೂ ಹೂಳುಗುಂಡಿ ಮತ್ತು ಮರಳಿನ ಸೋಸು ದಾಟಿಸಿ. ರಸ್ತೆ ನೀರಿನಲ್ಲಿ ಎಣ್ಣೆ, ಸಗಣಿ, ನಾಲಿ ಕೊಳೆ ಎಲ್ಲ ಇರುತ್ತದೆ. ಶಹಾಬಾದ್ ಕಲ್ಲಿನ ಸಂದು ಅದನ್ನು ಸೋಸಲ್ಲ, ಸೀದಾ ಬಾವಿಗೆ ತಲುಪಿಸುತ್ತದೆ.

ಅಲ್ಲಿಯವರೆಗೆ ಚಾವಣಿ ನೀರನ್ನು ಮನೆಮನೆಯ ಸಂಪಿಗೆ ತುಂಬಿಕೊಳ್ಳಿ. 100 ಚದರ ಮೀಟರ್ ಚಾವಣಿಯಿಂದ ವರ್ಷಕ್ಕೆ 60,000 ಲೀಟರ್ ಸಿಗುತ್ತದೆ. ಸಂಪು ಆರ್‌ಸಿಸಿಯದೇ ಇರಲಿ, ಎರೆಯಲ್ಲಿ ಇಟ್ಟಿಗೆ ಸಂಪು ಬಿರಿದು ಸೋರುತ್ತದೆ.

ಮೂಲೆಯ ಮನೆಗಳ ನೀರಿಗೆ ನನ್ನ ಸಲಹೆ ನಿಮ್ಮ ಪಾರ್ಕ್. ಬಡಾವಣೆಯ ಹತ್ತನೇ ಒಂದು ಭಾಗ ಪಾರ್ಕಿಗೆ ಬಿಟ್ಟಿದ್ದರೆ ಅದು 1,600 ಚದರ ಮೀಟರ್. ಅದನ್ನು 25 ಸೆಂ.ಮೀ. ತಗ್ಗು ಮಾಡಿದರೆ 4 ಲಕ್ಷ ಲೀಟರ್ ಹಿಡಿಯುತ್ತದೆ, 50 ಮಿ.ಮೀ. ಮಳೆಗೆ ನಿಮಗೆ ಬೇಕಾದಷ್ಟೇ. ಒಂದು ಸಣ್ಣ ಪೈಪಿನಿಂದ ಒಂದು ದಿನದೊಳಗೆ ಅದು ಕೆಳಗಿನ ಹಳ್ಳಕ್ಕೆ ಖಾಲಿಯಾಗಬೇಕು. ಅಲ್ಲಿ ನೀರು ಇಂಗಬೇಕಾಗಿಲ್ಲ, ಸ್ವಲ್ಪ ಹೊತ್ತು ತಡೆದು ನಿಧಾನ ಹೋದರೆ ಸಾಕು. ಪಾರ್ಕು ಎತ್ತರದ ಕಡೆ ಇದ್ದರೆ ಲೆವೆಲ್ ಸರ್ವೆ ಮಾಡಿಸಿ, ಕೆಳಗಿನ ಮೂಲೆಯ ಖಾಲಿ ಸೈಟಿನಲ್ಲಿ ಇದೇ ಕೆಲಸ ಮಾಡಬಹುದಾ ಅಂತ ನೋಡಿ. ತಗ್ಗಿನ ಅಂಚು ಯಾವುದೇ ಮನೆಯ ಪಾಯದಿಂದ 6 ಮೀಟರ್ ಆದರೂ ದೂರವಿರಲಿ. ಹಳ್ಳಕ್ಕೆ ನೀರು ಬಿಡಲು ನಗರಸಭೆಯ ಒಪ್ಪಿಗೆ ಬೇಕಾಗುತ್ತದೆ.

ಕಾಂಪೌಂಡ್ ಗೋಡೆ ಒಡೆದದ್ದಕ್ಕೆ ಮೇಸ್ತ್ರಿಯನ್ನು ಬಯ್ಯಬೇಡಿ. 5 ಅಡಿ ಎತ್ತರದ ಗೋಡೆ ತನ್ನ ಪಾಯದ ಮಣ್ಣನ್ನು ಒತ್ತುವುದು ಚದರ ಸೆಂ.ಮೀ.ಗೆ 0.2 ಕೆ.ಜಿ.ಯಷ್ಟು. ನೆಂದ ಎರೆ ಮೇಲೆತ್ತುವ ಒತ್ತಡ 2 ಕೆ.ಜಿ. ದಾಟಬಲ್ಲದು. ಹತ್ತು ಪಟ್ಟು ಬಲ ಅಡಿಯಿಂದ ಎತ್ತುತ್ತಿದ್ದರೆ ಯಾವ ಗೋಡೆ ತಡೆದೀತು? ಭಾರ ಕಡಿಮೆ ಇರುವುದರಿಂದಲೇ ಮನೆಗಿಂತ ಮೊದಲು ಕಾಂಪೌಂಡ್ ಒಡೆಯುತ್ತದೆ. ಈಗ ಮಾಡಬೇಕಾದದ್ದು ಇಷ್ಟು. ಆ ಗುಂಡಿಯ ಕಲ್ಲು ತೆಗೆಸಿ, ಅಗೆದ ಎರೆಯನ್ನೇ ತುಸು ತೇವವಾಗಿ 15 ಸೆಂ.ಮೀ. ಪದರುಗಳಲ್ಲಿ ಧಮ್ಮಸ್ಸು ಹೊಡೆದು ಮುಚ್ಚಿ. ಮೊರಂ ತುಂಬಬೇಡಿ, ಸುತ್ತಲಿನ ಎರೆಯ ನಡುವೆ ಅದು ಮತ್ತೆ ನೀರಿನ ತೊಟ್ಟಿಯಾಗುತ್ತದೆ. ಗೋಡೆಯ ಬಿರುಕಿಗೆ ಈಗಲೇ ಸಿಮೆಂಟ್ ಮೆತ್ತಬೇಡಿ. ಒಂದು ಬೇಸಿಗೆ ಕಳೆಯಲಿ, ನೆಲ ಒಣಗಿ ಮತ್ತೆ ಕೂರಲಿ. ಹೊಸದಾಗಿ ಕಟ್ಟುವುದಾದರೆ ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಸಿಬಿಆರ್‌ಐ ಬೆಳೆಸಿದ, ತಳದಲ್ಲಿ ಉಬ್ಬಿರುವ ಚಿಕ್ಕ ಪೈಲ್‌ಗಳನ್ನು, ಅಂದರೆ ನೆಲದೊಳಗಿನ ಕಾಂಕ್ರೀಟ್ ಕಂಬಗಳನ್ನು, 3.5 ಮೀಟರ್ ಆಳಕ್ಕೆ ಇಳಿಸಿ. ಮೇಲೆ ಬೀಮ್ ಕೂರಿಸಿ, ಬೀಮಿನ ಅಡಿಗೂ ನೆಲಕ್ಕೂ ನಡುವೆ 8ರಿಂದ 10 ಸೆಂ.ಮೀ. ಖಾಲಿ ಜಾಗ ಬಿಡಿ, ಎರೆ ಉಬ್ಬಲು ಅಷ್ಟು ಜಾಗ ಬೇಕು. ಇಷ್ಟು ಖರ್ಚು ಬೇಡ ಅಂದರೆ ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ತೋರಿಸಿಕೊಟ್ಟ ದಾರಿ ಇದೆ: ಪಾಯದ ಅಡಿಯ ಎರೆಯನ್ನು ಸುಮಾರು ಒಂದು ಮೀಟರ್ ತೆಗೆದು, ಅಂಟು ಇದ್ದೂ ಉಬ್ಬದ ಮಣ್ಣನ್ನು ಗಟ್ಟಿಸಿ ತುಂಬುವುದು. ಆ ಮಣ್ಣು ತರುವ ಮೊದಲು ಮೇಲೆ ಹೇಳಿದ ಸೀಮೆಎಣ್ಣೆ ಪರೀಕ್ಷೆಯನ್ನು ಅದಕ್ಕೂ ಮಾಡಿಸಿ. ಯಾವ ವಿಧಾನ ಹಿಡಿದರೂ ಐದಾರು ಮೀಟರಿಗೊಂದು ಕೀಲು ಬಿಟ್ಟೇ ಗೋಡೆ ಕಟ್ಟಿಸಿ.